ಕಾರಿಗೂ ರೋಸ್ ಆಯಿತು

ದೇವರ ಹತ್ತು ಕಟ್ಟಳೆಗಳ ಪೈಕಿ ಮೊದಲನೆಯದರ, ಅಂದರೆ ವಿಗ್ರಹಾರಾಧನೆ ಕೂಡದೆಂಬುದರ ಬಗ್ಗೆ ನಾನು ಬಹುಕಾಲ ನಿಶ್ಚಿಂತನಾಗಿದ್ದೆ. ಮೋಶೆ ಬೆಟ್ಟ ಹತ್ತಿದ ಹೊತ್ತು ನೋಡಿ ಕೆಳಗಿದ್ದ ಜನ ಚಿನ್ನದ ಕರು ಎರಕ ಹೊಯ್ದು ಅಡ್ಡಬಿದ್ದರಷ್ಟೆ. ಈಗಿನ ಚಿನ್ನದ ದರದಲ್ಲಿ ನಿವೃತ್ತ ಮಾಸ್ತರನೊಬ್ಬ ಕರುವಿನ ಬಾಲದ ತುದಿಯನ್ನೂ ಎರಕ ಹೊಯ್ಯಲಾರ. ಆದ್ದರಿಂದ ಪಾಪನಿವೇದನೆಗೆ ಹೋದಾಗಲೆಲ್ಲ ಆ ಕಟ್ಟಳೆಯನ್ನು ಹಾರಿಸಿ ಮುಂದಿನದಕ್ಕೆ ಹೋಗುವುದು ನನ್ನ ಪದ್ಧತಿ.

ಆಮೇಲೆ ಕಾರು ಬಂತು. ಬಿಳಿಯದು. ಇಗರ್ಜಿಯ ಅಂಗಳದಲ್ಲಿ ಫಾದರ್ ಪವಿತ್ರ ಜಲ ಚಿಮುಕಿಸಿ ಆಶೀರ್ವದಿಸಿದರು. ಕಲೆ ಉಳಿದೀತೆಂದು ಅವರು ಬೆನ್ನು ತಿರುಗಿಸಿದ ಕೂಡಲೇ ಒರೆಸಿದೆ. ಮಂಡಿನೋವಿನ ದೆಸೆಯಿಂದ ನಾನು ಇಗರ್ಜಿಯಲ್ಲಿ ಕೂತೇ ಪ್ರಾರ್ಥಿಸುವವನು. ಆದರೆ ದಿನಾ ಬೆಳಿಗ್ಗೆ ಚಕ್ರ ಒರೆಸುವಾಗ ಸಲೀಸಾಗಿ ಮಂಡಿಯೂರುತ್ತಿದ್ದೆ. ಒಂದೇ ಮಂಡಿಗೆ ಎರಡು ಬಗೆಯ ನಂಬಿಕೆ ಇರಬಹುದೆಂದು ಆಗ ಹೊಳೆಯಲಿಲ್ಲ. ಸೀಟುಗಳ ಪ್ಲಾಸ್ಟಿಕ್ಕನ್ನಂತೂ ತೆಗೆದಿರಲೇ ಇಲ್ಲ.

ಹೀಗಿರಲು ಪಕ್ಕದ ಕೇರಿಯ ಹೆಲೆನ್ ಬಾಯಿಯ ಮಗಳು ಪ್ರೆಸಿಲ್ಲಾಳ ರೋಸ್ ಬಂತು. ಮದುವೆಯ ಮುನ್ನಾದಿನ ಹಿರಿಯರೆಲ್ಲ ಸೇರಿ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ ಅದು. ಅದಾಗದೆ ನಮ್ಮಲ್ಲಿ ಹುಡುಗಿ ಮದುಮಗಳೆನಿಸುವುದಿಲ್ಲ. ಅವರ ಗ್ರೈಂಡರ್ ಕೈಕೊಟ್ಟದ್ದರಿಂದ ಕಾಯಿಗಳೆಲ್ಲ ನಮ್ಮ ಮನೆಗೆ ಬಂದವು. ನನ್ನ ಹೆಂಡತಿ ಸಿಸಿಲಿ ಅರೆದು, ಹಿಂಡಿ, ದೊಡ್ಡ ಪಾತ್ರೆ ತುಂಬ ಹಾಲು ತೆಗೆದಳು. ಒಯ್ಯಲು ರಿಕ್ಷಾ ಇಲ್ಲ. ಊರಿನ ರಿಕ್ಷಾದವರೆಲ್ಲ ಅದೇ ರೋಸಿಗೆ ಬಂದು ಚಪ್ಪರದಲ್ಲಿ ಕೂತಿದ್ದರು.

"ಕಾರು ತೆಗೀರಿ" ಎಂದಳು ಸಿಸಿಲಿ.

"ಹಾಲು ಚೆಲ್ಲಿದರೆ?"

"ಹಾಗಾದ್ರೆ ತಲೆ ಮೇಲೆ ಹೊತ್ತುಕೊಂಡು ಹೋಗಿ ಮಾರಾಯ್ರೆ. ಅಲ್ಲಿ ಹುಡುಗಿ ಮಣೆಯಲ್ಲಿ ಕೂತು ಕಾಯ್ತಾ ಉಂಟು."

ಕಾರು ತೆಗೆದೆ. ಅವಳು ಹಿಂದಿನ ಸೀಟಿನಲ್ಲಿ ಪಾತ್ರೆಯನ್ನು ಮಡಿಲಲ್ಲಿಟ್ಟು ಕೂತಳು. ನಡೆಯುವವರು ನಮ್ಮನ್ನು ಹಿಂದೆ ಹಾಕುವಷ್ಟು ಜೋಪಾನವಾಗಿ ಹೊರಟೆ. ತಿರುವಿನಲ್ಲಿ ಎದುರಿಗೆ ಬಸ್ಸು, ಎಡಕ್ಕೆ ಮುಳ್ಳಿನ ಬೇಲಿ. ಬೇಲಿಗೆ ತುಸು ಒರಗಿದ್ದರೆ ಸುಖವಾಗಿ ದಾಟಬಹುದಿತ್ತು. ಆದರೆ ಬಣ್ಣ! ಬ್ರೇಕ್ ಒತ್ತಿದೆ. ಅರ್ಧ ಹಾಲು ಸೀಟಿನ ಮೇಲೆ ಹೋಯಿತು. ಪ್ಲಾಸ್ಟಿಕ್ಕಿನ ಸಂದಿಯಲ್ಲಿಳಿದು ಒಳಗೂ ಹೋಯಿತು. ಮದುಮಗಳಿಗೆ ಸಲ್ಲಬೇಕಾದ ಅಭಿಷೇಕ ನನ್ನ ವಿಗ್ರಹಕ್ಕೆ ಸಂದಿತು. ಸಿಸಿಲಿ ಉಳಿದ ಹಾಲಿನ ಪಾತ್ರೆಯನ್ನು ಎರಡೂ ಕೈಯಿಂದ ಅಪ್ಪಿ ಹಿಡಿದಳು.

ಹೆಲೆನ್ ಬಾಯಿ ಪಾತ್ರೆಗೆ ಇಣುಕಿ ನೋಡಿ, "ಇರಲಿ ಮಾಸ್ಟ್ರೆ, ಇದ್ದದ್ದರಲ್ಲೇ ಸುಧಾರಿಸುವ" ಎಂದರು. ಹಿರಿಯರು ಅಂಗೈಯ ಬದಲು ಬೆರಳ ತುದಿಯಲ್ಲಿ ಹಾಲು ಹಚ್ಚಿದರು. ಆ ಹುಡುಗಿ ನನ್ನನ್ನು ನೋಡಿ ನಕ್ಕಿತು, ಬೈದಿದ್ದರೆ ಹಗುರವಾಗುತ್ತಿತ್ತು. ಚಪ್ಪರದ ಮೂಲೆಯಿಂದ ರಿಕ್ಷಾದ ಲಾರೆನ್ಸ್, "ಕಾರಿಗೂ ರೋಸ್ ಆಯ್ತಂತಲ್ಲ ಮಾಸ್ಟ್ರೆ! ಹುಡುಗ ಯಾವ ಊರಿನವ?" ಎಂದು ಕೂಗಿದ.

ಮೋಶೆ ಬೆಟ್ಟದಿಂದಿಳಿದು ಆ ಕರುವನ್ನು ಅರೆದು ಪುಡಿಮಾಡಿ, ನೀರಿನಲ್ಲಿ ಕದಡಿ ಜನರಿಗೇ ಕುಡಿಸಿದನಂತೆ. ಕಠಿಣ ಶಿಕ್ಷೆ ಎಂದುಕೊಂಡಿದ್ದೆ. ಬೆಳಗಾಗುವಷ್ಟರಲ್ಲಿ ಕಾರಿನೊಳಗೆ ಹುಳಿತ ತೆಂಗಿನ ಹಾಲಿನ ವಾಸನೆ, ಇರುವೆಗಳ ಮೆರವಣಿಗೆ. ಆ ಇಸ್ರಾಯೇಲರು ಅಗ್ಗಕ್ಕೆ ಪಾರಾದರೆಂದು ತೋರಿತು. ಮೇಲಾಗಿ ಸಿಸಿಲಿ, "ಹುಡುಗಿ ಇವತ್ತು ನಮ್ಮ ಕಾರಿನಲ್ಲೇ ಇಗರ್ಜಿಗೆ ಹೋಗುವುದು. ನಾನು ಹೇಳಿ ಆಗಿದೆ" ಎಂದು ಪ್ರಾಯಶ್ಚಿತ್ತ ವಿಧಿಸಿದಳು.

ಪ್ಲಾಸ್ಟಿಕ್ ಕಿತ್ತು, ತೊಳೆದು, ಬೆಡ್‌ಶೀಟ್ ಹಾಸಿ ಪ್ರೆಸಿಲ್ಲಾಳನ್ನು ಕೂರಿಸಿಕೊಂಡೆ. ಮುಡಿಯಲ್ಲಿ ಹೂ, ಕೈಯಲ್ಲಿ ಹೂ. ಅದೇ ತಿರುವು, ಎದುರಿಗೆ ಮತ್ತೊಂದು ಬಸ್ಸು. ಈ ಸಲ ಬ್ರೇಕ್ ಒತ್ತಲಿಲ್ಲ. ಕಾರನ್ನು ಬೇಲಿಗೆ ಒರಗಿಸಿದೆ. ಬಾಗಿಲಿನುದ್ದಕ್ಕೂ ಕರ್ರೆಂದು ಕೇಳಿಸಿತು.

"ಎಂತದು ಅಂಕಲ್?"

"ಏನಿಲ್ಲ, ಬೇಲಿ ಶುಭ ಹಾರೈಸಿತು."

ಹುಡುಗಿಯ ಒಂದು ಹೂವೂ ಅಲುಗಲಿಲ್ಲ. ನನ್ನ ವಿಗ್ರಹಾರಾಧನೆ ಅಲ್ಲಿಗೆ ಮುಗಿಯಿತು.

ಮುಗಿಯಿತೆಂದು ತಿಳಿದಿದ್ದೆ. ಅಂದಿನಿಂದ ಭಾನುವಾರದ ಪೂಜೆ ಮುಗಿದ ಮೇಲೆ ಪರಿಚಯದವರನ್ನೆಲ್ಲ ಕಾರಿನ ಬಳಿಗೆ ಕರೆದು, ಆ ಗೀರನ್ನು ಬೆರಳಿನಿಂದ ಸವರುತ್ತ, ಲೋಕದ ವಸ್ತುಗಳ ವ್ಯಾಮೋಹವನ್ನು ನಾನು ಗೆದ್ದ ಬಗೆಯನ್ನು ವಿವರಿಸುತ್ತಿದ್ದೆ. ಗೀರಿನಲ್ಲಿ ಧೂಳು ಕೂರದಂತೆ ಒರೆಸಲು ಬೇರೆಯೇ ಬಟ್ಟೆ ಇಟ್ಟಿದ್ದೆ. ಕಳೆದ ವಾರ ಸಿಸಿಲಿ ಪಕ್ಕದಲ್ಲೇ ನಿಂತು ಕೊನೆಯತನಕ ಕೇಳಿದಳು.

"ಇನ್ನು ಅದಕ್ಕೊಂದು ಕ್ಯಾಂಡಲ್ ಹಚ್ಚಿಬಿಡಿ ಮಾರಾಯ್ರೆ" ಎಂದಳು.

ಬಟ್ಟೆಯನ್ನು ಕಿಸೆಗೆ ಹಾಕಿಕೊಂಡೆ. ಮುಂದಿನ ಸಲ ಪಾಪನಿವೇದನೆಗೆ ಹೋದಾಗ ಮೊದಲನೆಯ ಕಟ್ಟಳೆಯಿಂದಲೇ ಸುರುಮಾಡಬೇಕು.