ನೊರೆಯಮ್ಮ ತೊಳೆದ ಶಾಲು

ಚರ್ಚಿನವರು ನಡೆಸುತ್ತಿದ್ದ ಮಕ್ಕಳ ಮನೆಯ ಹಿಂಭಾಗದಲ್ಲಿ ಉದ್ದನೆಯ ಒಂದು ಕೋಣೆ ಇತ್ತು. ಅದರ ಕಿಟಕಿಗಳು ಸೂರಿಗೆ ತಾಗಿದಂತೆ ಎತ್ತರದಲ್ಲಿದ್ದುದರಿಂದ ಬೆಳಕು ಮೇಲಿನಿಂದ ಇಳಿದು ಬರಬೇಕಿತ್ತು. ಹಾಗೆ ಬರುವಾಗ ಹಂಡೆಯ ಆವಿಯಲ್ಲಿ ಸಿಕ್ಕಿಕೊಂಡು, ನೆಲ ಮುಟ್ಟುವಷ್ಟರಲ್ಲಿ ಹಾಲಿನಂತೆ ಮೆತ್ತಗಾಗಿಬಿಡುತ್ತಿತ್ತು. ಹೊರಗಿನ ಬಿಸಿಲಿನಿಂದ ಬಂದವರಿಗೆ ಮೊದಲು ಏನೂ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಂಡೆ, ಕಲ್ಲಿನ ತೊಟ್ಟಿ, ಗೋಡೆಯಿಂದ ಗೋಡೆಗೆ ಬಿಗಿದ ಹಗ್ಗಗಳು, ಹಗ್ಗಗಳ ಮೇಲೆ ಉಸಿರಾಡುತ್ತಿರುವಂತೆ ತೂಗುವ ದುಪ್ಪಟಿಗಳು ಒಂದೊಂದಾಗಿ ಮೂಡುತ್ತಿದ್ದವು. ಎಲ್ಲಕ್ಕಿಂತ ಕೊನೆಗೆ, ಮೊಣಕೈವರೆಗೆ ನೊರೆ ಮೆತ್ತಿಕೊಂಡ ಒಬ್ಬ ದಪ್ಪನೆಯ ಹೆಂಗಸು ಕಾಣಿಸುತ್ತಿದ್ದಳು. ಮಕ್ಕಳು ಅವಳನ್ನು ನೊರೆಯಮ್ಮ ಎಂದು ಕರೆಯುತ್ತಿದ್ದರು.

ಆ ಕೋಣೆಯಲ್ಲಿ ಗಡಿಯಾರ ಇರಲಿಲ್ಲ. ಎರಡು ಸಲ ತಂದು ಹಾಕಿದ್ದರು, ಎರಡೂ ಆವಿಗೆ ತುಕ್ಕು ಹಿಡಿದು ನಿಂತುಹೋದವು. ನೊರೆಯಮ್ಮ ಕಾಲವನ್ನು ಚರ್ಚಿನ ಹಾಡುಗಳಲ್ಲಿ ಅಳೆಯುತ್ತಿದ್ದಳು. ಟವೆಲು ನೆನೆಯುವುದಕ್ಕೆ ಒಂದು ಹಾಡು ಸಾಕು, ಆದರೆ ಚರಣ ಬಿಡುವಂತಿಲ್ಲ. ದುಪ್ಪಟಿಗೆ ಎರಡು ಹಾಡು ಬೇಕು. ರಕ್ತದ ಕಲೆಗೆ ತಣ್ಣೀರು ಮತ್ತು ಉದ್ದನೆಯ ಒಂದು ಪ್ರಾರ್ಥನೆ. ಬಿಸಿನೀರು ತಾಗಿತೋ, ರಕ್ತ ನೂಲಿಗೆ ಕಚ್ಚಿಕೊಂಡು ಜನ್ಮದಲ್ಲಿ ಬಿಡುವುದಿಲ್ಲ.

ಪಕ್ಕದ ಅಡುಗೆಮನೆಯ ಭಟ್ಟನಿಗೆ ಇದೊಂದು ತಮಾಷೆ. "ನೊರೆಯಮ್ಮ, ನೀವು ಸ್ವರ್ಗಕ್ಕೆ ಹೋದ್ರೂ ಅಲ್ಲಿ ದೇವದೂತರ ನಿಲುವಂಗಿ ಬಿಚ್ಚಿಸಿ ತೊಳೆಯೋಕೆ ಕೂರ್ತೀರಿ" ಎಂದು ಕಿಟಕಿಯಿಂದಲೇ ಕೂಗುತ್ತಿದ್ದ.

"ಮತ್ತೇನು? ಬಿಳಿ ಬಟ್ಟೆ ಹಾಕ್ಕೊಂಡು ದಿನವಿಡೀ ಮೋಡದ ಮೇಲೆ ಕೂತ್ರೆ ಹಿಂದುಗಡೆ ಒದ್ದೆ ಆಗಲ್ವಾ? ನಿನ್ನ ಏಪ್ರನ್ ನೋಡಿದ್ರೆ ನಿನ್ನನ್ನ ಬಾಗಿಲಲ್ಲೇ ನಿಲ್ಲಿಸ್ತಾರೆ, ಅದನ್ನ ಮೊದಲು ಕೊಡು ಇಲ್ಲಿ."

ಬಟ್ಟೆ ನೀರಿಗೆ ಬೀಳುವ ಮೊದಲು ನೊರೆಯಮ್ಮ ಅದನ್ನು ಮೇಜಿನ ಮೇಲೆ ಹರಡಿ, ಒಂದೊಂದು ಕಲೆಯ ಮೇಲೂ ಬೆರಳಿಟ್ಟು ಅದರ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಇದು ಶಾಯಿ. ಇದು ಹುಲ್ಲು. ಇದು ಮೂಗು ಒರೆಸಿದ್ದು. ಯಾವ ಕಲೆಗೆ ಉಪ್ಪು, ಯಾವುದಕ್ಕೆ ನಿಂಬೆ, ಯಾವುದಕ್ಕೆ ಬರೀ ತಾಳ್ಮೆ ಎಂದು ಹೀಗೆ ತೀರ್ಮಾನವಾಗುತ್ತಿತ್ತು.

ಅವಳಿಗೆ ಈ ಶುಭ್ರತೆಯ ಹುಚ್ಚು ಹಿಡಿದದ್ದಕ್ಕೆ ಕಾರಣವಿತ್ತು. ಅವಳ ಅಪ್ಪ ಕಲ್ಲಿದ್ದಲಿನ ಮೂಟೆ ಹೊರುತ್ತಿದ್ದ. ಮನೆಯ ಗೋಡೆ, ಚಾಪೆ, ರೊಟ್ಟಿ, ಎಲ್ಲಕ್ಕೂ ಕಪ್ಪು ಪುಡಿ ಮೆತ್ತಿರುತ್ತಿತ್ತು. ಭಾನುವಾರದ ತರಗತಿಯಲ್ಲಿ ಅವಳು ಬೆಂಚಿನ ತುದಿಗೆ ಕೂತರೆ ಉಳಿದ ಮಕ್ಕಳು ಇನ್ನೊಂದು ತುದಿಗೆ ಒತ್ತರಿಸಿಕೊಳ್ಳುತ್ತಿದ್ದರು. ಅದನ್ನು ಒಂದು ದಿನ ಚರ್ಚಿನ ಗಂಟೆ ಹೊಡೆಯುವವನ ಹೆಂಡತಿ ಕಂಡಳು. ಯಾರಿಗೂ ಏನೂ ಹೇಳದೆ ಹುಡುಗಿಯನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಬೆಚ್ಚನೆಯ ನೀರು ಹಾಕಿ, ಫ್ರಾಕನ್ನು ತೊಳೆದು, ಒಣಗುವವರೆಗೆ ತನ್ನ ಸೀರೆಯೊಂದನ್ನು ಸುತ್ತಿ ಕೂರಿಸಿದಳು. ಆಮೇಲೆ ಇಸ್ತ್ರಿ ಮಾಡಿ, ಬಿಸಿ ಆರುವ ಮೊದಲೇ ತೊಡಿಸಿದಳು. ಆ ಬಿಸಿ ಬೆನ್ನ ಮೇಲೆ ಹರಡಿದ ಕ್ಷಣವನ್ನು ಹುಡುಗಿ ಮರೆಯಲಿಲ್ಲ. ದೇವರ ಪ್ರೀತಿ ಹೇಗಿರುತ್ತದೆ ಎಂದು ಯಾರಾದರೂ ಕೇಳಿದ್ದರೆ, ಆಗತಾನೇ ಇಸ್ತ್ರಿ ಮಾಡಿದ ಫ್ರಾಕಿನ ಹಾಗೆ ಎಂದುಬಿಡುತ್ತಿದ್ದಳು.

ಆದ್ದರಿಂದ ಆ ಮನೆಗೆ ಬಂದ ಪ್ರತಿ ಮಗುವಿಗೂ ಅವಳು ಇದೇ ಉಪಚಾರ ಮಾಡುತ್ತಿದ್ದಳು. ಮಗು ಏನುಟ್ಟು ಬಂದಿತ್ತೋ ಅದನ್ನು ತೊಳೆದು, ಇಸ್ತ್ರಿ ಮಾಡಿ, ಬಿಸಿಬಿಸಿಯಾಗಿ ಕೈಗಿಡುತ್ತಿದ್ದಳು. ಹೆಚ್ಚಿನ ಮಕ್ಕಳ ಮುಖ ಅರಳುತ್ತಿತ್ತು. ಯಾವ ಮಗುವೂ ಬೇಡವೆಂದಿರಲಿಲ್ಲ. ಬೇಕೋ ಎಂದು ಅವಳೂ ಕೇಳಿರಲಿಲ್ಲ.

ಚಿಪ್ಪಿ ಬಂದದ್ದು ಮೋಡ ಕವಿದ ಒಂದು ಬೆಳಿಗ್ಗೆ. ಆರೇಳು ವರ್ಷದ ಹುಡುಗಿ. ಅಮ್ಮ ಆಸ್ಪತ್ರೆಯಲ್ಲಿ ತೀರಿಹೋಗಿದ್ದಳು. ಬೇರೆ ಯಾರೂ ಇರಲಿಲ್ಲ. ಮೈತುಂಬ ಒಂದು ಕೊಳೆ ಶಾಲನ್ನು ಸುತ್ತಿಕೊಂಡು, ಮೂಗು ಮಾತ್ರ ಹೊರಗಿಟ್ಟುಕೊಂಡಿದ್ದಳು. ಯಾರಾದರೂ ಮಾತಾಡಿಸಿದರೆ ಮೂಗೂ ಒಳಗೆ ಹೋಗುತ್ತಿತ್ತು. ಉಳಿದ ಮಕ್ಕಳು ಅದನ್ನು ನೋಡಿಯೇ ಆ ಹೆಸರಿಟ್ಟರು. ಆದರೂ ಅವಳು ಊಟದ ಮೇಜಿಗೆ ಬಂದಳು, ಶಾಲಿನ ಒಳಗಿನಿಂದಲೇ ಕೈ ಚಾಚಿ ಬ್ರೆಡ್ಡು ತಿಂದಳು, ಮಧ್ಯಾಹ್ನ ಸ್ನಾನ ಮಾಡಿಸಿಕೊಂಡಳು. ಸ್ನಾನದ ಸುಸ್ತಿಗೆ ನಿದ್ದೆ ಹೋದಳು.

ಆಗ ನೊರೆಯಮ್ಮ ಮೆಲ್ಲನೆ ಶಾಲನ್ನು ಎತ್ತಿಕೊಂಡಳು.

ಮೇಜಿನ ಮೇಲೆ ಹರಡಿ ನೋಡಿದರೆ ಕಲೆಗಳದೇ ಒಂದು ಊರು. ಅಂಚಿನುದ್ದಕ್ಕೂ ಹೊಲಿಗೆ ಯಂತ್ರದ ಎಣ್ಣೆ. ಒಂದು ಮೂಲೆಯಲ್ಲಿ ಕಿಡಿ ಹಾರಿ ಆದ ತೂತು, ಸುತ್ತ ಬೂದಿ ಬಣ್ಣ. ನಡುವೆ ಹಾಲು. ಹೆಗಲು ಬರುವಲ್ಲಿ ತಲೆಗೆ ಹಚ್ಚುವ ಎಣ್ಣೆ. ಒಂದು ಕಡೆ ಕೆಂಪು ಮಿಶ್ರಿತ ಕಂದು ಚುಕ್ಕಿಗಳು. "ತುಕ್ಕು" ಎಂದಳು ನೊರೆಯಮ್ಮ, ಆದರೆ ಸ್ವಲ್ಪ ಅನುಮಾನದಿಂದ. ಕಲೆಗಳನ್ನೆಲ್ಲ ತೆಗೆದಳು. ಮೂರು ನೀರು ಬದಲಾಯಿಸಿದಳು. ಕೊನೆಯ ನೀರಿನಲ್ಲಿ ಶಾಲಿನ ನಿಜವಾದ ಬಣ್ಣ ತೇಲಿಬಂತು: ಬೆಳಗಿನ ಜಾವದ ಆಕಾಶದ ನೀಲಿ. ಆ ನೀಲಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಾಗ ಹನಿಗಳು ಬೆಳಕಿನಲ್ಲಿ ಉದುರಿ, ಕೋಣೆಗೆಲ್ಲ ಸಣ್ಣಗೆ ಮಳೆ ಬಂದಂತಾಯಿತು. ನೊರೆಯಮ್ಮನ ಹೊಟ್ಟೆ ತುಂಬಿತು.

ಮಗು ಏಳುವ ಹೊತ್ತಿಗೆ ಸರಿಯಾಗಿ ಬಿಸಿ ಶಾಲನ್ನು ತಂದು ಮಡಿಲಿಗಿಟ್ಟಳು.

ಚಿಪ್ಪಿ ಅದನ್ನು ಮೂಗಿಗೆ ಹಿಡಿದಳು. ಇನ್ನೊಂದು ಮೂಲೆ ಹುಡುಕಿ ಅದನ್ನೂ ಹಿಡಿದಳು. ಅಂಚನ್ನು ಕೈಯಿಂದ ಕೈಗೆ ಜಾರಿಸುತ್ತಾ, ಉದ್ದಕ್ಕೂ ಮೂಸುತ್ತಾ ಹೋದಳು. ಆಮೇಲೆ ಶಾಲನ್ನು ನೆಲದ ಮೇಲೆ ಬಿಟ್ಟಳು.

"ಇದು ನಮ್ಮಮ್ಮಂದಲ್ಲ."

ಇಷ್ಟೇ. ಅಳಲೂ ಇಲ್ಲ. ಹೋಗಿ ಬಟ್ಟೆಯ ಬೀರುವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಕೂತಳು.

ಮನೆಯನ್ನು ನೋಡಿಕೊಳ್ಳುತ್ತಿದ್ದ ದೊಡ್ಡ ಸಿಸ್ಟರ್ ಬಂದು ಮಂಡಿಯೂರಿ, "ಅದೇ ಶಾಲು ಕಂದ. ಕೊಳೆ ಹೋಗಿ ಬಣ್ಣ ಬದಲಾಗಿದೆ ಅಷ್ಟೆ. ನೋಡು ಎಷ್ಟು ಚೆನ್ನಾಗಿದೆ" ಎಂದರು. ಭಟ್ಟ ಸಕ್ಕರೆ ಹಾಕಿದ ಹಾಲು ತಂದ, ಕೋಳಿಯಂತೆ ಕೂಗಿದ, ಮೂಗಿನ ಮೇಲೆ ಚಮಚ ನಿಲ್ಲಿಸಿಕೊಂಡ. ಚಿಪ್ಪಿ ಗೋಡೆಯ ಕಡೆ ತಿರುಗಿದಳು. ಯಾರಾದರೂ ಮುಟ್ಟಲು ಹೋದರೆ ಮೈ ಕಟ್ಟಿಗೆಯಂತಾಗುತ್ತಿತ್ತು. ರಾತ್ರಿಯ ಊಟ ಹಾಗೆಯೇ ಉಳಿಯಿತು, ಮರುದಿನದ ತಿಂಡಿಯೂ ಹಾಗೆಯೇ. ವೈದ್ಯರು ಬಂದು ನೋಡಿ, ಸಂಜೆಯೊಳಗೆ ಬಾಯಿಗೆ ಏನೂ ಹೋಗದಿದ್ದರೆ ಆಸ್ಪತ್ರೆಗೆ ಸೇರಿಸಿ ಕೊಳವೆ ಹಾಕಬೇಕಾಗುತ್ತದೆ ಎಂದರು. ಅಮ್ಮ ಯಾವ ಆಸ್ಪತ್ರೆಯಿಂದ ವಾಪಸು ಬರಲಿಲ್ಲವೋ ಅದೇ ಆಸ್ಪತ್ರೆ.

ಆ ಮಾತು ಕೇಳಿ ನೊರೆಯಮ್ಮ ಶಾಲನ್ನು ಎತ್ತಿಕೊಂಡು, ಮಗು ಮಾಡಿದ ಹಾಗೆಯೇ ಮೂಗಿಗೆ ಹಿಡಿದಳು. ಸೋಪು. ಇನ್ನೊಂದು ಮೂಲೆ: ಸೋಪು. ಎಲ್ಲಿ ನೋಡಿದರೂ ತನ್ನದೇ ಕೋಣೆಯ ವಾಸನೆ. ಶಾಲು ಅದೇ, ಅದರೊಳಗಿದ್ದ ಅಮ್ಮನನ್ನು ತಾನು ಮೂರು ನೀರಿನಲ್ಲಿ ಚರಂಡಿಗೆ ಬಿಟ್ಟಿದ್ದಳು.

ಎಲ್ಲಿಗೆ ಹೋಗುವುದೆಂದು ತೋಚದೆ ಅವಳು ಪ್ರಾರ್ಥನೆಯ ಕೋಣೆಗೆ ಹೋಗಿ ಕೂತಳು. ಗೋಡೆಯ ಮೇಲೆ ಹಳೆಯದೊಂದು ಚಿತ್ರವಿತ್ತು: ಯೇಸು ಒಬ್ಬ ಕುಷ್ಠರೋಗಿಯ ಹೆಗಲ ಮೇಲೆ ಕೈಯಿಟ್ಟಿದ್ದಾನೆ. ರೋಗಿಯ ಮೈಮೇಲಿನ ಹುಣ್ಣುಗಳನ್ನು ಚಿತ್ರಕಾರ ಕೆಂಪಗೆ, ಒಂದೂ ಬಿಡದೆ ಬರೆದಿದ್ದ. ವಾಸಿಯಾದ ಮೇಲಿನದ್ದನ್ನು ಬರೆಯಬಾರದಿತ್ತೇ, ಮಕ್ಕಳು ನೋಡುವ ಚಿತ್ರ, ಎಂದು ಅವಳು ಎಷ್ಟೋ ಸಲ ಮುಖ ಸಿಂಡರಿಸಿದ್ದಳು. ಈಗ ಬಣ್ಣದ ಗಾಜಿನಿಂದ ಇಳಿದ ಬೆಳಕು ಆ ಕೈಯ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಹುಣ್ಣು ಇನ್ನೂ ಇದೆ. ಕೈ ಆಗಲೇ ಅಲ್ಲಿದೆ. ಕಥೆಯಲ್ಲೂ ಹಾಗೆಯೇ ಅಲ್ಲವೇ? ಆತ ಮೊದಲು ಮುಟ್ಟಿದ. ಶುದ್ಧವಾದದ್ದು ಆಮೇಲೆ. ಅದೂ ಆ ಮನುಷ್ಯ ತಾನಾಗಿ ಬಂದು ಕೇಳಿಕೊಂಡಿದ್ದ. ಬೆಳಕು ಚೌಕಟ್ಟು ದಾಟಿ ಗೋಡೆಗೆ ಹೋಗುವವರೆಗೆ ನೊರೆಯಮ್ಮ ನೋಡುತ್ತಾ ಕೂತಿದ್ದಳು.

ಹೊರಗೆ ಸಿಸ್ಟರ್ ಸಿಕ್ಕರು. "ಒಂದು ದೊಡ್ಡ ಗೊಂಬೆ ತರಿಸೋಣ ಅಂತಿದ್ದೀನಿ. ಗಮನ ಬೇರೆ ಕಡೆ ಹೋಗಬಹುದು."

"ಬೇಡ ಸಿಸ್ಟರ್. ನಾನು ಅವಳ ಹತ್ರ ಮಾತಾಡ್ತೀನಿ."

"ಏನಂತ?"

"ತಪ್ಪಾಯ್ತು ಅಂತ."

"ಅಷ್ಟು ಸಣ್ಣ ಮಗುಗೆ ಅದೆಲ್ಲ ತಿಳಿಯುತ್ತಾ?"

"ತಿಳೀದೇ ಇದ್ದಿದ್ರೆ ಊಟ ಬಿಡ್ತಿತ್ತಾ ಸಿಸ್ಟರ್?"

ಸಿಸ್ಟರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಬೀರುವಿನ ಸಂದಿ ನೊರೆಯಮ್ಮನಿಗೆ ಎಲ್ಲಿ ಸಾಕಾಗಬೇಕು? ಅದರ ಬಾಯಿಯಲ್ಲಿ, ನೆಲದ ಮೇಲೆ, ಗೋಡೆ ಹಿಡಿದುಕೊಂಡು ಕಂತುಕಂತಾಗಿ ಕೂತಳು. ಒಳಗಿನ ಕತ್ತಲಲ್ಲಿ ಎರಡು ಮೊಣಕಾಲು ಮಾತ್ರ ಕಾಣುತ್ತಿದ್ದವು.

"ಪುಟ್ಟಿ, ಆ ಶಾಲು ತೊಳೆದಿದ್ದು ನಾನು. ನಿನ್ನ ಕೇಳ್ದೆ ತೊಳೆದೆ. ಅದರಲ್ಲಿ ನಿಮ್ಮಮ್ಮನ ವಾಸನೆ ಇತ್ತು. ನಾನು ತೆಗೆದುಬಿಟ್ಟೆ. ಅದನ್ನ ವಾಪಸು ತರೋಕೆ ನನಗೆ ಬರಲ್ಲ. ಯಾರಿಗೂ ಬರಲ್ಲ."

ಮೊಣಕಾಲುಗಳು ಇನ್ನಷ್ಟು ಒಳಗೆ ಸರಿದವು.

"ನೀನು ಹೇಳಿದ್ದೇ ಸರಿ. ನಿಮ್ಮಮ್ಮಂದು ಹೋಯ್ತು. ಇವರೆಲ್ಲ ಚೆನ್ನಾಗಿದೆ ಅಂತಿದ್ದಾರೆ. ಚೆನ್ನಾಗಿಲ್ಲ."

ಆಗ ಸಣ್ಣ ಮುಷ್ಟಿಯೊಂದು ಹೊರಬಂದು ಅವಳ ಭುಜಕ್ಕೆ ಗುದ್ದಿತು. ಮತ್ತೊಂದು ಗುದ್ದು ಗಲ್ಲಕ್ಕೆ ಬಿತ್ತು. ನೊರೆಯಮ್ಮ ಕದಲಲಿಲ್ಲ. ಗುದ್ದುಗಳು ಬೀಳುತ್ತಲೇ ಹೋದವು. ಕೈ ಸೋತ ಮೇಲೆ ನಿಂತವು.

ಸಮಾಧಾನದ ಮಾತುಗಳು ನೊರೆಯಮ್ಮನಿಗೆ ಎಂದೂ ಬರುತ್ತಿರಲಿಲ್ಲ. ತನಗೆ ಗೊತ್ತಿದ್ದುದನ್ನೇ ಹೇಳಿದಳು. "ತೊಳೆಯೋ ಮೊದಲು ನಾನು ಎಲ್ಲ ನೋಡಿದ್ದೆ. ಅಂಚಲ್ಲಿ ಮೆಷಿನ್ ಎಣ್ಣೆ ಇತ್ತು. ನಿಮ್ಮಮ್ಮ ಹೊಲೀತಿದ್ರು ಅಲ್ವಾ? ಬಲಗಡೆ ಮೂಲೇಲಿ ಕಿಡಿ ಹಾರಿ ತೂತಾಗಿತ್ತು, ನನ್ನ ಕಿರುಬೆರಳಷ್ಟು. ಹೆಗಲ ಹತ್ರ ತಲೆ ಎಣ್ಣೆ. ಅಲ್ಲಿ ನೀನು ತಲೆ ಇಟ್ಕೊಂಡು ಮಲಗ್ತಿದ್ದೆ ಅಂತ ಕಾಣುತ್ತೆ. ನಡುವೆ ಹಾಲು. ಆಮೇಲೆ ಒಂದಿಷ್ಟು ತುಕ್ಕು..."

"ತುಕ್ಕಲ್ಲ."

ನೊರೆಯಮ್ಮ ಸಂದಿಯ ಕಡೆ ಬಗ್ಗಿದಳು.

"ತುಕ್ಕಲ್ಲ ಅದು. ಔಷಧಿ. ಕೆಮ್ಮಿಂದು. ನಾನೇ ಉಗುಳಿದ್ದು."

"ಔಷಧೀನಾ! ಅದಕ್ಕೇ ಅಷ್ಟು ಹಠ ಮಾಡ್ತು. ನನಗೆ ಗೊತ್ತಾಗಲೇ ಇಲ್ಲ ನೋಡು. ಉಗುಳಿದ್ದಕ್ಕೆ ಅಮ್ಮ ಬೈದ್ರಾ?"

"ಇಲ್ಲ. ನಕ್ಕಳು. ಆಮೇಲೆ ಅವಳೂ ಕುಡಿದು ಥೂ ಅಂದಳು."

ಈ ಮಾತಿನ ಕೊನೆ ನಗುವಾಗಲು ಹೋಗಿ ಅಳುವಾಯಿತು. ಆ ಮನೆಗೆ ಬಂದ ಮೇಲೆ ಮಗು ಮೊದಲ ಸಲ ಅತ್ತಿತು. ಸಂದಿಯಿಂದ ತೆವಳಿ ಹೊರಬಂದು, ನೊರೆಯಮ್ಮನ ತೊಡೆಯ ಮೇಲೆ ಬಿದ್ದು, ಮನೆಯ ಹಂಚು ಹಾರಿಹೋಗುವ ಹಾಗೆ ಅತ್ತಿತು. ನೊರೆಯಮ್ಮ ಬೆನ್ನ ಮೇಲೆ ಕೈಯಿಟ್ಟಳು. ಸವರಲಿಲ್ಲ, ತಟ್ಟಲಿಲ್ಲ, ಸುಮ್ಮನಿರು ಎನ್ನಲಿಲ್ಲ. ಕಿಟಕಿಯಾಚೆ ಮೋಡಗಳು ಹಿಂಡಿದ ಬಟ್ಟೆಗಳಂತೆ ಒಂದರ ಹಿಂದೊಂದು ಹೋಗುತ್ತಿದ್ದವು.

ಅಳು ಬಿಕ್ಕಾಗಿ, ಬಿಕ್ಕು ಮಾತಾಯಿತು. ಅಮ್ಮನ ಹೊಲಿಗೆ ಯಂತ್ರದ ಸದ್ದು ಹೇಗಿತ್ತು, ಕಿಡಿ ಹಾರಿದ ದಿನ ಬೆಕ್ಕು ಎಲ್ಲಿ ಅಡಗಿತ್ತು, ಹಾಲು ಚೆಲ್ಲಿದ್ದು ನಿಜವಾಗಿ ಯಾರು, ಎಲ್ಲವೂ ಬಂತು. ನಡುವೆ ನೊರೆಯಮ್ಮ "ಎಡಗೈಲಾ, ಬಲಗೈಲಾ?", "ಬೆಕ್ಕಿನ ಬಣ್ಣ?" ಎಂದು ಕೇಳುತ್ತಿದ್ದಳು. ನಿಜವಾಗಿಯೂ ತಿಳಿಯಬೇಕೆಂದೇ ಕೇಳುತ್ತಿದ್ದಳು.

ಭಟ್ಟ ಸೂಪಿನ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಕೋಳಿಯಂತೆ ಕೂಗಲಿಲ್ಲ. ಬಟ್ಟಲನ್ನು ನೆಲದ ಮೇಲಿಟ್ಟು, ನೊರೆಯಮ್ಮನ ಕೈಗೆಟುಕುವಷ್ಟು ದೂರ ತಳ್ಳಿ ಹೋದ. ಮಗು ಬೆಕ್ಕಿನ ಕಥೆ ಹೇಳುತ್ತಲೇ ಚಮಚ ತೆಗೆದುಕೊಂಡಿತು. ಒಂದು ಗುಟುಕು. ಮತ್ತೆ ಬೆಕ್ಕು. ಮತ್ತೊಂದು ಗುಟುಕು. ಸಂಜೆಗೆ ವೈದ್ಯರು ಬಂದಾಗ ಸಿಸ್ಟರ್ ಅವರನ್ನು ಬಾಗಿಲ ಹೊರಗೇ ನಿಲ್ಲಿಸಿದರು. ಅವರು ಬಗ್ಗಿ ನೋಡಿ, ಚೀಲದ ಗುಂಡಿಯನ್ನು ಮತ್ತೆ ಹಾಕಿ, ಸದ್ದಾಗದಂತೆ ಹೊರಟುಹೋದರು.

ಬಟ್ಟಲು ಬರಿದಾದ ಮೇಲೆ ಚಿಪ್ಪಿ ನೊರೆಯಮ್ಮನ ತೊಡೆಗೆ ಒರಗಿ ಕಣ್ಣು ಮುಚ್ಚಿದಳು. ಹಾಗೆಯೇ, ಕಣ್ಣು ತೆರೆಯದೆ, "ಕಾಲು ಅಲ್ಲಾಡಿಸ್ಬೇಡಿ" ಎಂದು ಅಪ್ಪಣೆ ಕೊಟ್ಟಳು.

"ಇಲ್ಲಮ್ಮ, ಅಲ್ಲಾಡಿಸಲ್ಲ" ಎಂದಳು ನೊರೆಯಮ್ಮ. ಅಲ್ಲಾಡಿಸೋಣವೆಂದರೂ ಆ ಕಾಲು ಜೋಮು ಹಿಡಿದು ಬಹಳ ಹೊತ್ತಾಗಿತ್ತು.