ದಾನಮ್ಮ ಮತ್ತು ಕಪ್ಪು ತಲೆಯ ಅಣಬೆ
ತೊಂಬತ್ತರ ದಶಕದಲ್ಲಿ, ಮಳೆ ಶುರುವಾಯಿತೆಂದರೆ ಮುಂಬೈ ಹತ್ತಿರದ ದಿವಾದ ನಮ್ಮ ಚಾಳಿನ ದಾನಮ್ಮನಿಗೆ ನಿದ್ದೆಯಿರುತ್ತಿರಲಿಲ್ಲ. ರೈಲುಹಳಿಯಾಚೆಯ ಬಯಲಿನಿಂದ ಯಾರು ಅಣಬೆ ಕಿತ್ತು ತಂದರೂ ಅಡ್ಡ ನಿಂತು ಚೀಲ ಬಿಚ್ಚಿಸುತ್ತಿದ್ದಳು. ಅಣಬೆಯ ತಲೆ ಕಪ್ಪಗಿದ್ದರೆ ಮುಗಿಯಿತು. ಮೂಸುತ್ತಿರಲಿಲ್ಲ, ಮುರಿದು ನೋಡುತ್ತಿರಲಿಲ್ಲ, ಸೀದಾ ಗಟಾರಕ್ಕೆ ಸುರಿದು, ತಂದವರ ಕೈಗೆ ತಾನೇ ಸೋಪು ಹಚ್ಚಿ ತೊಳೆಯುತ್ತಿದ್ದಳು. ಎಲ್ಲರೂ ಅವಳನ್ನು 'ಅಣಬಿ ಇನ್‌ಸ್ಪೆಕ್ಟರ್' ಎಂದು ಕರೆದು ನಗುತ್ತಿದ್ದರು. ಒಮ್ಮೆ ಪಕ್ಕದ ಖೋಲಿಯ ಶರಣಬಸಮ್ಮ ರೇಗಿದಳು: "ಊರಾಗ ಇಂಥಾವೇ ತಿಂದು ಬೆಳದೀವಿ. ಚಲೋದು ಯಾವ್ದು, ವಿಷದ್ದು ಯಾವ್ದು, ನಿನಗರ ಗೊತ್ತೈತೇನು?" ದಾನಮ್ಮ ಅವಳ ಕೈಗೆ ಸೋಪು ಹಚ್ಚುತ್ತಲೇ ಹೇಳಿದಳು: "ನನಗ ಗೊತ್ತಿಲ್ಲವ್ವಾ. ನಮ್ಮಕ್ಕಗ ಗೊತ್ತಿತ್ತು. ಆಕಿ ಆರಿಸಿ ತಂದ ಕರೀ ತಲಿ ಅಣಬಿ ಉಂಡು ಮನಿಮಂದಿ ಎಲ್ಲಾ ಹೋದ್ರು. ಅವತ್ತು ನಂದು ಉಪಾಸ ಇತ್ತು."