ಒಂದೇ ಕೂ, ಕಡವಿನ ಲಾಟೀನು

ಬಂಟ್ವಾಳ ಪೇಟೆಯಿಂದ ಮೇಲಕ್ಕೆ, ನೇತ್ರಾವತಿಯ ಒಂದು ಕಡವಿನಲ್ಲಿ ಅಪ್ಪ ಜನರನ್ನು ದೋಣಿಯಲ್ಲಿ ಹೊಳೆ ದಾಟಿಸುತ್ತಿದ್ದ. ಎಪ್ಪತ್ತರ ದಶಕದ ಮಾತು. ಸೇತುವೆ ಬರುತ್ತದೆ ಎಂದು ಪ್ರತಿ ಚುನಾವಣೆಗೂ ಹೇಳುತ್ತಿದ್ದರು, ಬರುತ್ತಿದ್ದದ್ದು ಮಳೆಗಾಲ ಮಾತ್ರ. ಹೊಳೆಗೆ ಅದರದ್ದೇ ಕಾನೂನಿತ್ತು. ಮರಳು ಹೇರಿಕೊಂಡು ಕೆಳಕ್ಕೆ ಬರುವ ದೋಣಿಗೆ ಖಾಲಿ ದೋಣಿ ದಾರಿ ಬಿಡಬೇಕು. ತಿರುವಿನಲ್ಲಿ ಮರಳಿನವರು ದೋಣಿ ನೂಕುವ ಜಲ್ಲೆಯಿಂದ ದೋಣಿಯ ಅಂಚಿಗೆ ಬಡಿಯುತ್ತಾ ಬರಬೇಕು. ಕತ್ತಲಾದರೆ ಎಲ್ಲರ ದೋಣಿಯ ಮುಂದಿನ ತುದಿಯಲ್ಲೂ ದೀಪ ಬೇಕು. ನಮ್ಮ ದೋಣಿ ಈಚೆ ದಡದಲ್ಲಿದ್ದರೆ ಲಾಟೀನು ಕಡವಿನ ಬಿದಿರುಕಂಬದಲ್ಲಿ ತೂಗುತ್ತಿತ್ತು. ಆಚೆಯಿಂದ ಯಾರಾದರೂ ಮೂರು ಸಲ ಕೂ ಹಾಕಿದರೆ ಅಪ್ಪ ಅದನ್ನು ತೆಗೆದು ಎಡಕ್ಕೂ ಬಲಕ್ಕೂ ಬೀಸುತ್ತಿದ್ದ. ಕೇಳಿತು, ಬಂದೆ ಎಂದು ಅರ್ಥ.

ಮೂರು ಸಲವೇ ಯಾಕೆ? ದೀಪ ಹಚ್ಚಿದ ಮೇಲೆ ಒಂದೇ ಸಲ ಕೂಗುವವರು ಮನುಷ್ಯರಲ್ಲವಂತೆ, ಹೊಳೆಗೆ ಬಿದ್ದು ಸತ್ತವರ ಪ್ರೇತಗಳಂತೆ. ಆ ಕುಲೆಗಳಿಗೆ ಎರಡನೇ ಸಲ ಕರೆಯಲು ಆಗುವುದಿಲ್ಲವಂತೆ. ಓಗೊಟ್ಟವನು ತಿರುಗಿ ಬರುವುದಿಲ್ಲವಂತೆ. ಬರೀ ಅಂತೆ ಕಂತೆ! ಹೇಳಿದವರಲ್ಲಿ ಒಬ್ಬನೂ ಕುಲೆಯನ್ನು ಕಂಡವನಲ್ಲ. ಆದರೆ ಅಪ್ಪ ಅದನ್ನು ಅವನಪ್ಪನಿಂದ ದೋಣಿಯ ಜೊತೆಗೇ ಪಡೆದಿದ್ದ.

ಅಮ್ಮನಿಗೆ ದಮ್ಮು. ಮಾತಿನ ನಡುವೆ ಉಸಿರು ಸಾಲದೆ ನಿಲ್ಲುತ್ತಿದ್ದಳು. ಆದರೂ ನಾವಿಬ್ಬರು ಕಟ್ಟಿದ ಬೀಡಿಯನ್ನು ಆಚೆ ದಡದಲ್ಲಿದ್ದ ಬೀಡಿ ಕಂಪನಿಯ ಬ್ರಾಂಚಿಗೆ ಅವಳೇ ಒಯ್ಯುತ್ತಿದ್ದಳು. ನಾನು ಹೋಗುತ್ತೇನೆಂದರೆ, "ನೀನು ಹೋದರೆ ಬ್ರಾಂಚಿನವ ಅರ್ಧ ಬೀಡಿ ಸರಿ ಇಲ್ಲ ಅಂತ ಬಿಸಾಡ್ತಾನೆ. ಅವನೊಟ್ಟಿಗೆ ಜಗಳ ಮಾಡ್ಲಿಕ್ಕೆ ನಿನಗೆ ಬಾಯಿ ಉಂಟಾ?" ಎಂದು ನಗುತ್ತಿದ್ದಳು.

ಮಳೆಗಾಲದ ಆಟಿ ತಿಂಗಳ ಒಂದು ದಿನ ಹಾಗೆಯೇ ಹೋದಳು. ಮಳೆ ಜೋರಾದರೆ ಆಚೆಯ ಗುಡ್ಡದ ಮೇಲಿರುವ ತನ್ನ ಅಕ್ಕನ ಮನೆಯಲ್ಲಿ ಉಳಿಯುತ್ತೇನೆ ಎಂದಿದ್ದಳು. ಮಳೆ ಜೋರಾಯಿತು. ಸಂಜೆಗೆ ಹೊಳೆಯ ಮೇಲೆ ಮಂಜು ಕವಿದು ಆಚೆ ದಡವೇ ಕಾಣದಾಯಿತು. ಕಂಬದ ದೀಪ ಹಚ್ಚಿ, ದಡದಲ್ಲೇ ಇದ್ದ ಮನೆಯೊಳಗೆ ಬಂದಿದ್ದೆನಷ್ಟೇ, ಆಚೆಯಿಂದ ಒಂದು ಕೂ ಕೇಳಿತು. ಸಣ್ಣದು, ಮಧ್ಯದಲ್ಲಿ ಕಡಿದುಹೋದದ್ದು.

"ಅಮ್ಮನ ಸ್ವರ ಅಪ್ಪಾ."

"ನಿನ್ನಮ್ಮ ಅಕ್ಕನ ಮನೆಯಲ್ಲಿ ಗಂಜಿ ಉಣ್ತಾ ಇರಬಹುದು. ಸುಮ್ಮನೆ ಕೂತುಕೊ."

"ಲಾಟೀನು ಬೀಸಿಯಾದರೂ ನೋಡುವ."

"ಒಂದು ಕೂಗಿಗೆ ದೀಪ ತೋರಿಸ್ಲಿಕ್ಕುಂಟಾ? ನಿನಗೆ ಮರುಳಾ? ಇನ್ನೊಂದು ಬರಲಿ, ಹೋಗುವ."

ಇನ್ನೊಂದು ಬರಲಿಲ್ಲ. ನಾನು ಹೊರಗೆ ಓಡಿ ಲಾಟೀನಿಗೆ ಕೈ ಹಾಕಿದೆ. ಅಪ್ಪ ಕಸಿದುಕೊಂಡು ಮತ್ತೆ ಕಂಬಕ್ಕೇ ತೂಗಿಸಿದ. ಅವನೇನು ಹೆದರುಪುಕ್ಕಲನಲ್ಲ, ನೆರೆಯ ಕೆಂಪು ನೀರಿನಲ್ಲಿ ಬಸುರಿಯರನ್ನು ದಾಟಿಸಿದವನು. ಆದರೆ ಆ ಸಂಜೆ ಒಳಗೆ ಬಂದು ಬಾಗಿಲಿನ ಅಗಳಿ ಹಾಕಿದ.

ಬೆಳಿಗ್ಗೆ ಮರಳಿನವನೊಬ್ಬ ಆಚೆಯಿಂದ ಬೊಬ್ಬೆ ಹೊಡೆದ. ಅಮ್ಮ ಆಚೆ ಕಡವಿನ ಮೆಟ್ಟಿಲಿನಲ್ಲಿ, ಕಲ್ಲಿಗೆ ಒರಗಿ ಕುಳಿತಿದ್ದಳು. ಜೀವ ಇರಲಿಲ್ಲ. ಗುಡ್ಡ ಹತ್ತುವ ಉಸಿರು ಇಲ್ಲದೆ ಅಲ್ಲೇ ಕುಳಿತಿರಬೇಕು. ಸೀರೆ, ಕೂದಲು, ಮೈ ಮಳೆಗೆ ತೊಯ್ದು ಪೂರಾ ಚಂಡಿ. ಬ್ರಾಂಚಿನಿಂದ ತಂದ ಬೀಡಿ ಎಲೆಯ ಕಟ್ಟನ್ನು ಮಾತ್ರ ನೆನೆಯದಂತೆ ಮಡಿಲಿನೊಳಗೆ ಅವಚಿಕೊಂಡಿದ್ದಳು. ಅವಳು ಕುಳಿತಲ್ಲಿಂದ ನೇರ ಎದುರಿಗೆ ನಮ್ಮ ಕಂಬ. ರಾತ್ರಿ ಮಂಜು ಸರಿದಾಗಲೆಲ್ಲ ಯಾರೂ ಬೀಸದೆ ಸುಮ್ಮನೆ ತೂಗುತ್ತಿದ್ದ ದೀಪ ಅವಳಿಗೆ ಕಂಡಿರುತ್ತದೆ.

"ಅವಳ ಆಯುಷ್ಯ ಅಷ್ಟೇ ಮಾರಾಯ್ತಿ" ಎಂದರು ಬಂದವರು. ನನಗೆ ಮೈಯೆಲ್ಲ ಉರಿಯಿತು. ಆಯುಷ್ಯವಂತೆ! ಒಂದು ಹೊಳೆಯಷ್ಟು ಅಗಲದ ಆಯುಷ್ಯವಾ?

ಅಮ್ಮನ ತಮ್ಮ ಮುಂಬಯಿಯಲ್ಲಿ ಹಡಗಿನ ಕೆಲಸದಲ್ಲಿದ್ದ. ಅಮ್ಮನ ಉತ್ತರಕ್ರಿಯೆಗೆ, ಬೊಜ್ಜದ ದಿನಕ್ಕೆ ಬಂದ. ಅಕ್ಕ ದಮ್ಮಿನಿಂದ ಹೋದಳು ಎಂದಷ್ಟೇ ಅವನಿಗೆ ಗೊತ್ತಿತ್ತು, ಕೂಗಿನ ಸಂಗತಿ ಯಾರೂ ಹೇಳಿರಲಿಲ್ಲ. ಊಟಕ್ಕೆ ಕುಳಿತಾಗ ಅಪ್ಪ, ಏನಾದರೂ ಮಾತು ಬೇಕಲ್ಲ, ಹಡಗಿಗೂ ದೀಪ ಉಂಟಾ ಎಂದು ಕೇಳಿದ.

"ಉಂಟು ಭಾವ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಮೇಲೆ ಬಿಳಿ. ಎದುರಿನವನಿಗೆ ಯಾವ ಬಣ್ಣ ಕಾಣ್ತದೆ ನೋಡಿದರೆ ನಾವು ಯಾವ ಕಡೆಗೆ ಹೋಗ್ತೇವೆ ಅಂತ ಗೊತ್ತಾಗ್ತದೆ."

"ಮಂಜು ಬಿದ್ದರೆ?"

"ಮಂಜಿಗೆ ದೀಪ ಸಾಲುದಿಲ್ಲ. ಉದ್ದಕ್ಕೆ ಒಂದು ಹಾರ್ನ್ ಊದ್ತಾರೆ."

"ಒಂದೇಯಾ?"

"ಒಂದೇ. ನಾನು ಇಲ್ಲಿದ್ದೇನೆ, ಬರ್ತಾ ಇದ್ದೇನೆ ಅಂತ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದ್ತಾರೆ. ಆದರೆ ಇನ್ನೊಂದು ಬರಲಿ ಅಂತ ಕಾದು ಕೂತರೆ ಕಥೆ ಮುಗೀತು ಭಾವ. ಮೊದಲಿನದ್ದು ಕೇಳಿದ ಕೂಡಲೇ ಎಚ್ಚರ ಆಗ್ಬೇಕು."

ಅಪ್ಪ ಅರ್ಧ ಎಲೆಯಿಂದ ಎದ್ದುಹೋದ. ಮಾವ ಕಂಗಾಲಾಗಿ ನನ್ನ ಮುಖ ನೋಡಿದ. ಅಪ್ಪನಿಗೆ ಹಾಗೇ ಆಗಬೇಕು ಎಂದು ಆಗ ನನಗೆ ಅನಿಸಿತ್ತು.

ಆಮೇಲೆ ಅಪ್ಪ ಒಂದೇ ಒಂದು ಸದ್ದಿಗೂ ಹೊರಡತೊಡಗಿದ. ನರಿ ಕೂಗಿದರೂ, ನವಿಲು ಕೂಗಿದರೂ ಲಾಟೀನು ಬೀಸಿ, ದೋಣಿ ಬಿಟ್ಟು, ಆಚೆ ಮೆಟ್ಟಿಲು ಮುಟ್ಟಿ ಖಾಲಿ ದೋಣಿಯಲ್ಲಿ ಬರುತ್ತಿದ್ದ. ಊರವರು ನಕ್ಕರು. ನಾನು ಅವನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದೆ.

ಎಂಬತ್ತರ ದಶಕದಲ್ಲಿ ಕೊನೆಗೂ ಸೇತುವೆ ಬಂತು. ದೋಣಿ ದಡದಲ್ಲಿ ಮಗುಚಿಕೊಂಡು ಗೆದ್ದಲು ಹಿಡಿಯಿತು. ಅಪ್ಪ ಲಕ್ವ ಹೊಡೆದು ಒಂದು ಬದಿ ಬಿದ್ದುಹೋಗಿ ಚಾಪೆ ಹಿಡಿದ. ಬೇಸಗೆಯ ಒಂದು ಸಂಜೆ ನನ್ನನ್ನು ಕರೆದ, ಒಂದೇ ಸಲ. ಬೀಡಿಯ ಮೊರ ಕೆಳಗಿಟ್ಟು ಹೋದೆ.

"ಆಚೆಯಿಂದ ಕೂ ಕೇಳ್ತಾ ಉಂಟು" ಎಂದ ತೊದಲುತ್ತಾ. "ದೀಪ ಬೀಸು ಮಗಾ."

ನನಗೆ ಸೇತುವೆಯ ಮೇಲಿನ ಬಸ್ಸಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಆದರೂ ಲಾಟೀನು ಹಚ್ಚಿ ಕಡವಿಗೆ ಇಳಿದೆ, ಎಡಕ್ಕೂ ಬಲಕ್ಕೂ ಬೀಸಿದೆ. ಬೀಸುತ್ತಾ ಬೀಸುತ್ತಾ ಅಳು ಬಂತು. ಅಷ್ಟು ವರ್ಷ ಹಿಡಿದಿಟ್ಟ ಕೋಪವನ್ನು ಏನು ಮಾಡುವುದೆಂದು ತಿಳಿಯಲಿಲ್ಲ.

ಒಳಗೆ ಬಂದಾಗ ಅಪ್ಪ ಬಾಗಿಲನ್ನೇ ನೋಡುತ್ತಿದ್ದ.

"ಕರ್ಕೊಂಡು ಬಂದೆಯಾ?"

"ಬಂದೆ ಅಪ್ಪಾ."

"ಚಂಡಿ ಆಗಿದ್ದಾಳಾ?"

"ಇಲ್ಲ ಅಪ್ಪಾ" ಎಂದೆ. "ಇವತ್ತು ಮಳೆ ಇಲ್ಲ."